ಕಾರಿಗೆ ಕೇಳಿದ ನೀರು

ಹೊಳಲ್ಕೆರೆ
೧೪-೮-೧೯೭೪

ಚಿರಂಜೀವಿ ರೇವಣ್ಣನಿಗೆ ನಿನ್ನಪ್ಪ ಮುರುಗಪ್ಪನ ಮನಸಾರೆ ಆಶೀರ್ವಾದ. ನಾವಿಬ್ಬರೂ ಕ್ಷೇಮ. ಮದುವೆಯ ಜಗಳವಾಗಿ ನೀನು ಮನೆ ಬಿಟ್ಟ ಎರಡು ವರ್ಷದ ಮೇಲೆ ಬರೆಯುತ್ತಾ, 'ಕಾಗದ ತಡವಾಯಿತು, ಕ್ಷಮಿಸು' ಎಂದರೆ ನಗುತ್ತೀಯೇನೋ. ನಗು, ಪರವಾಗಿಲ್ಲ. ನಿನ್ನ ವಿಳಾಸ ಸಿಕ್ಕಿದ್ದೇ ಮೊನ್ನೆ ಸೋಮವಾರ. ಕೊಟ್ಟವರು ಯಾರೆಂದರೆ ನೀನು ನಂಬುವುದಿಲ್ಲ.

ಶ್ರಾವಣ ಸೋಮವಾರ ನಿಮ್ಮವ್ವನ ನೇಮ ಗೊತ್ತಲ್ಲ, ಮಠದ ಅಯ್ಯನವರ ಪಾದ ತೊಳೆದು, ಅವರು ಉಂಡ ಮೇಲೇ ನಮಗೆ ಅನ್ನ. ಈ ಸಲ ಬರುವವರು ಹೊಸಬರು, ನಾವು ಮುಖ ಕಂಡವರಲ್ಲ. ಬಸ್ಸಿನ ಸುಳಿವೇ ಇಲ್ಲ. ಹಸಿವಿಗೆ ಗೊಣಗಿದರೆ, "ಒಂದಿನ ತಡ ಆದ್ರೆ ಸತ್ತೋಗಲ್ಲ, ಸುಮ್ಕಿರ್ರಿ" ಎಂದು ಗದರಿದಳು. ನಾನು ಬಸ್ ನಿಲ್ದಾಣಕ್ಕೆ ನೋಡಲು ಹೋದೆ.

ಅಷ್ಟರಲ್ಲಿ ಬಾಗಿಲಿಗೆ ಬಿಳಿ ಗಡ್ಡದ, ಕಾವಿ ಬಣ್ಣದ ಶಾಲು ಹೊದ್ದ ಒಬ್ಬರು ಬಂದು, "ತಾಯಿ, ಒಂದು ಕೊಡ ನೀರು ಸಿಗತೈತೇನ್ರಿ?" ಎಂದರಂತೆ. ಇವಳು, "ಅಯ್ಯೋ ಶಿವನೇ, ನೀವು ಕೇಳಂಗೆ ಮಾಡಿದ್ನಲ್ಲ!" ಎಂದು ತಂಬಿಗೆ ತಂದು ಅವರ ಕಾಲಿನ ಮೇಲೆ ಸುರಿದೇಬಿಟ್ಟಿದ್ದಾಳೆ. "ನೀರು ಕಾರಿಗ್ರಿ ತಾಯಿ" ಎಂದು ಅವರು ಹಿಂದೆ ಸರಿದರೆ, "ಕಾರಿಗೆ ಆಮೇಲೆ ಕೊಡಾಣ, ಮೊದ್ಲು ಕುಂತ್ಕಳ್ರಿ." ನಿಮ್ಮವ್ವನ ಎದುರು ಯಾರು ನಿಂತಾರು? ಕೂತರು. ಹಣೆಯಲ್ಲಿ ವಿಭೂತಿ ಇಲ್ಲದ್ದು ಕಾಣಲಿಲ್ಲವೇನೇ ಎಂದು ಆಮೇಲೆ ಕೇಳಿದ್ದಕ್ಕೆ, "ಬೆವರಿಗೆ ಅಳಿಸಿರ್ಬೇಕು ಅನ್ಕಂಡೆ" ಎಂದಳು.

ನಾನು ಬಂದು ನೋಡುತ್ತೇನೆ, ಪಡಸಾಲೆಯಲ್ಲಿ ಉಣ್ಣುತ್ತಾ ಕೂತವರು, ಪೇಪರಿನ ಫೋಟೋದಲ್ಲಿ ಕಂಡಿದ್ದ ಗಾಯಕ ಹಸನಸಾಹೇಬ ನವಲಗುಂದ! ರೇಡಿಯೋದಲ್ಲಿ ಅವರ ದನಿ ಬಂದರೆ ನಾನು ಅಂಗಡಿಯ ಗಿರಾಕಿಯನ್ನೂ ಸುಮ್ಮನಿರಿಸುತ್ತಿದ್ದದ್ದು ನಿನಗೆ ನೆನಪಿರಬೇಕು. ಹೊಸದುರ್ಗದ ಸಂಗೀತ ಕಚೇರಿಗೆ ಹೊರಟ ಕಾರು ಎಂಜಿನ್ ಕಾದು ನಮ್ಮ ಬೀದಿಯಲ್ಲೇ ಕೆಟ್ಟು ನಿಂತಿತ್ತು. "ಸಾಹೇಬ್ರೇ, ನೀವಾ!" ಎಂದೆ. ನಿಮ್ಮವ್ವನ ಕೈಯ ಸೌಟು ಅಲ್ಲೇ ನಿಂತಿತು. ಅವರು ಎದ್ದರು. "ಹೇಳಬೇಕಂದೆ, ತಾಯಿ ಬಿಡಲಿಲ್ರಿ."

ಅವಳು ಒಂದು ಗಳಿಗೆ ನನ್ನನ್ನೂ ಅವರನ್ನೂ ನೋಡಿದಳು. "ಎಲೆ ಮುಂದೆ ಕುಂತೋರು ಏಳಬಾರ್ದು. ಕುಂತ್ಕಳ್ರಿ, ಹೋಳಿಗೆ ಹಾಕ್ತೀನಿ" ಎಂದಳು. ನನಗೆ ಅವಳ ಮೇಲೆ ಎಂಥ ಪ್ರೀತಿ ಉಕ್ಕಿತೋ, ಮಗನಿಗೆ ಬರೆಯುವ ಮಾತಲ್ಲ ಅದು.

ಊಟವಾದ ಮೇಲೆ ಸಾಹೇಬರು ಮಕ್ಕಳೆಷ್ಟು ಎಂದು ಕೇಳಿದರು. ಒಬ್ಬನೇ ಮಗ, ರೇವಣಸಿದ್ಧ, ಧಾರವಾಡದಲ್ಲಿ ರೇಡಿಯೋ ರಿಪೇರಿ ಮಾಡುತ್ತಾನಂತೆ ಎಂದೆ. "ನಮ್ಮ ಎಸ್ತರ್ ಗಂಡ ಏನ್ರಿ? ಆಕಿ ನನ್ನ ಶಿಷ್ಯೆ! ಕೂಸಿನ ತೊಟ್ಟಿಲಿಗೆ ನಾನೇ ಹಾಡೀನ್ರಿ!"

ನಿನ್ನ ಹೆಂಡತಿಯ ಹೆಸರು ನಮ್ಮ ಮನೆಯಲ್ಲಿ ಆ ಜಗಳದ ದಿನದಿಂದ ಯಾರೂ ಎತ್ತಿರಲಿಲ್ಲ. ನಿಮ್ಮವ್ವ ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಬಾಗಿಲ ಮರೆಯಿಂದ ದನಿ ಬಂತು: "ಕೂಸು ಯಾರಂಗೈತೆ?" ಸಾಹೇಬರು ನಕ್ಕರು. "ಅದರ ಹಟ ಯಾರದು ಅಂತ ಇಷ್ಟು ದಿನ ತಿಳಿದಿರಲಿಲ್ಲ ತಾಯಿ. ಇವತ್ತು ತಿಳೀತ್ರಿ." ಅವಳೂ ನಕ್ಕಳು, ಆಮೇಲೆ ಸೆರಗು ಬಾಯಿಗಿಟ್ಟು ಅತ್ತಳು.

ಕಾರಿಗೆ ನೀರು ತುಂಬಿಸಿಕೊಂಡು, ನಿನ್ನ ವಿಳಾಸ ಬರೆದುಕೊಟ್ಟು ಸಾಹೇಬರು ಹೊರಟರು. ನಿಜವಾದ ಅಯ್ಯನವರು ಸಂಜೆಗೆ ಬಂದರು. ಅವರ ಪಾದವನ್ನೂ ತೊಳೆದಳು. ಮೊದಲು ಉಂಡವರ ಸುದ್ದಿ ಎತ್ತಬೇಡಿ ಎಂದು ನನಗೆ ಕಣ್ಣಲ್ಲೇ ಹೇಳಿದಳು.

ಈಗ ಅವಳ ಅಪ್ಪಣೆ ಕೇಳು: "ಅವನೊಬ್ಬನೇ ಬಂದ್ರೆ ಬಾಗ್ಲು ತೆಗೆಯಲ್ಲ. ಹೆಂಡ್ತಿ, ಮಗಳು, ಎಲ್ಲ ಬರ್ಬೇಕು." ಹಬ್ಬಕ್ಕೆಂದು ಕಾಯಬೇಡ, ಹೊರಡು. ಸೊಸೆಗೂ ಮೊಮ್ಮಗಳಿಗೂ ನಮ್ಮ ಆಯುಸ್ಸಿನಲ್ಲಿ ಒಂದಿಷ್ಟು ಸೇರಲಿ.

ನಿನ್ನ ಅಪ್ಪ
ಮುರುಗಪ್ಪ

ಮರೆತದ್ದು: ಮೇಲಿನದೆಲ್ಲ ಅವಳಿಗೆ ಓದಿ ಹೇಳಿದ್ದೇನೆ, ಇದನ್ನಲ್ಲ. ಬೆಳಿಗ್ಗೆ ಅಕ್ಕಿ ಆರಿಸುತ್ತಾ ಕೇಳಿದಳು, "ಆ ಕಾರು ಕೆಡದಿದ್ರೆ ನಮಗೊಬ್ಬ ಮೊಮ್ಮಗಳು ಅವ್ಳೆ ಅಂತ ಯಾವಾಗ ಗೊತ್ತಾಗ್ತಿತ್ರಿ?" ಮಗು ಹುಟ್ಟಿದಾಗ ಒಂದು ಕಾರ್ಡು ಹಾಕಬಾರದಿತ್ತೇ ಮಗನೇ? ಅವಳು ಹರಿದುಹಾಕುತ್ತಿದ್ದಳು, ನಿಜ. ನಾನು ಆ ಚೂರುಗಳನ್ನು ಜೋಡಿಸಿಕೊಂಡು ಓದುತ್ತಿದ್ದೆ.