ಬರಿಗೈ ಪರೀಕ್ಷೆ

ಬಾಗಲಕೋಟೆ
ಫೆಬ್ರುವರಿ ೩೦, ೨೧೪೮

ಇನ್ನೂ ಹುಟ್ಟದ ತಂಗಿಗೆ, ಅಥವಾ ತಮ್ಮನಿಗೆ,

ಮೇಲಿನ ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಪ್ರತಿ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ವರ್ಷದ ಕೊನೆಗೆ ಎಲ್ಲರಿಗೂ ರಜೆ. ನೀನು ಇದನ್ನು ಬಿಚ್ಚುವ ಹೊತ್ತಿಗೆ ಆ ಏರ್ಪಾಡೂ ಬದಲಾಗಿರಬಹುದು, ಮಾತೂ ಬದಲಾಗಿರಬಹುದು. ನನ್ನ ಕನ್ನಡ ನಿನಗೆ ಶಾಸನದ ಹಾಗೆ ಕಂಡರೆ ಕ್ಷಮಿಸು; ತಿಳಿಯದ ಕಡೆ ಯಾರಾದರೂ ಮುದುಕರನ್ನು ಕೇಳು. ನಮ್ಮ ವಿಭಾಗದಲ್ಲಿ ಡಾಕ್ಟರೇಟ್ ಮುಗಿಸಿದವರು, ಅರವತ್ತು ವರ್ಷಗಳ ನಂತರ ಅದೇ ಪದವಿಗೆ ಸೇರುವವರಿಗಾಗಿ ಕೈಯಾರೆ ಒಂದು ಕಾಗದ ಬರೆದಿಡುವ ಪದ್ಧತಿಯಿದೆ. ನಿನ್ನೆ ನನ್ನ ಮೌಖಿಕ ಪರೀಕ್ಷೆ ಮುಗಿಯಿತು. ಹಾಗಾಗಿ ಇವತ್ತು ನನ್ನ ಸರದಿ.

ನನ್ನ ಹೆಸರು ನೀಲಗಂಗಾ ತಳವಾರ, ವಯಸ್ಸು ನಲವತ್ತು. ನಾನು ಓದಿದ್ದು ಕಾಯಕ ಚಿಕಿತ್ಸೆ. ಹಿಂದಿನವರು ಇದನ್ನು ಆಕ್ಯುಪೇಶನಲ್ ಥೆರಪಿ ಎನ್ನುತ್ತಿದ್ದರು. ಲಕ್ವಾ ಹೊಡೆದವರ ಕೈ ಎಷ್ಟು ಮೇಲೆ ಏಳುತ್ತದೆ ಎಂದು ನೋಡುವುದು ಬೇರೆಯವರ ಕೆಲಸ. ಆ ಕೈ ಮತ್ತೆ ತಲೆ ಬಾಚುತ್ತದೆಯೇ, ರೊಟ್ಟಿ ಮುರಿಯುತ್ತದೆಯೇ, ಗುಂಡಿ ಹಾಕುತ್ತದೆಯೇ ಎಂದು ನೋಡುವುದು, ಆಗದಿದ್ದರೆ ಆಗುವ ದಾರಿ ಹುಡುಕುವುದು ನಮ್ಮ ಕೆಲಸ. ಹತ್ತು ವರ್ಷ ಆಸ್ಪತ್ರೆಯಲ್ಲಿ ಅದನ್ನೇ ಮಾಡಿದ ಮೇಲೆ, ನಾವು ಮಾಡುವುದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ ಎಂಬ ಅನುಮಾನ ಶುರುವಾಗಿ ಡಾಕ್ಟರೇಟಿಗೆ ಸೇರಿದೆ.

ನಮ್ಮಲ್ಲಿ ಬೇಸಿಗೆ ಎಂಟು ತಿಂಗಳು. ಶಾಲೆ, ಕಚೇರಿ, ಅಂಗಡಿಗಳು ಬೆಳಗಿನ ಐದಕ್ಕೆ ತೆರೆದು ಹತ್ತಕ್ಕೆ ಮುಚ್ಚುತ್ತವೆ. ಮತ್ತೆ ತೆರೆಯುವುದು ಸಂಜೆಗೆ. ಊರಿನ ದೊಡ್ಡ ಬೀದಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಬಳ್ಳಿ ಹಬ್ಬಿಸಿದ ಚಪ್ಪರಗಳಿವೆ, ಅವನ್ನು ನೆರಳುಬೀದಿ ಎನ್ನುತ್ತೇವೆ. ಚಪ್ಪರವಿಲ್ಲದ ಓಣಿಗಳಲ್ಲಿ ಜನ ಗೋಡೆ ಹಿಡಿದು ನಡೆಯುತ್ತಾರೆ. ಲಕ್ವಾ ಹೊಡೆದವರಿಗೆ ಸರಕಾರ ಜೊತೆತೋಳು ಕೊಡುತ್ತದೆ. ಅದು ಭುಜದಿಂದ ಬೆರಳಿನವರೆಗೆ ಹಾಕಿಕೊಳ್ಳುವ ತೆಳ್ಳನೆಯ ತೋಳು; ಏಳಲಾರದ ಕೈಯನ್ನು ತಾನೇ ಎತ್ತುತ್ತದೆ, ಹಿಡಿಯಲಾರದ ಬೆರಳನ್ನು ತಾನೇ ಮಡಿಸುತ್ತದೆ. ಅದನ್ನು ಹಾಕಿಕೊಂಡು ಅಭ್ಯಾಸ ಮಾಡಿದರೆ ಕೈ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆಯೇ ಎಂಬುದೇ ನನ್ನ ಸಂಶೋಧನೆಯ ಪ್ರಶ್ನೆ. ಕೈಗೆ ಕಾಲು ಎಲ್ಲಿಂದ ಬಂತು ಎಂದು ನನ್ನ ಮಾರ್ಗದರ್ಶಕಿ ಮುಲ್ಲಾ ಮೇಡಂ ಮೊದಲ ದಿನವೇ ಆ ವಾಕ್ಯ ಹೊಡೆದುಹಾಕಿದ್ದರು.

ಹನ್ನೊಂದು ಜನ ಒಪ್ಪಿ ಬಂದರು. ಮೂರು ವರ್ಷ, ತಿಂಗಳಿಗೊಮ್ಮೆ ಪರೀಕ್ಷೆ. ಜೊತೆತೋಳಿನ ನೆರವು ನಿಲ್ಲಿಸಿ, ಅಳತೆಗೆಂದು ಅದನ್ನು ಮೈಮೇಲೆ ಬಿಟ್ಟು, ಹನ್ನೆರಡು ಕೆಲಸ ಮಾಡಿಸುತ್ತಿದ್ದೆ. ಅದಕ್ಕೆ ಬರಿಗೈ ಪರೀಕ್ಷೆ ಎಂದು ಹೆಸರಿಟ್ಟವಳೂ ನಾನೇ. ಹನ್ನೊಂದರಲ್ಲಿ ಒಂಬತ್ತು ಜನರ ಕೈ ಚೆನ್ನಾಗಿ ಸುಧಾರಿಸಿತು. ಎಲ್ಲರಿಗಿಂತ ಮುಂದಿದ್ದವರು ಚನ್ನಮಲ್ಲಪ್ಪ ಹಡಪದ. ಅರವತ್ತೆರಡು ವರ್ಷದ ಕ್ಷೌರಿಕ, ಬಲಗೈ ಹೋಗಿತ್ತು. ಎರಡನೆಯ ವರ್ಷ ಅವರು ಅಂಗಿಯ ಐದೂ ಗುಂಡಿ ಹಾಕಿದಾಗ ನಾನು ಅತ್ತಿದ್ದೆ. ಅವರು ನನ್ನ ತಲೆ ಸವರಿ, ಅಳಬೇಡ ತಾಯಿ ಎಂದು ಸಮಾಧಾನ ಮಾಡಿದ್ದರು.

ಪ್ರಬಂಧ ಒಪ್ಪಿಸಲು ಮೂರು ತಿಂಗಳಿತ್ತು. ಒಂದು ಒಪ್ಪಿಗೆ ಪತ್ರಕ್ಕೆ ಅವರ ಸಹಿ ಬಿಟ್ಟುಹೋಗಿತ್ತೆಂದು ಬೆಳಿಗ್ಗೆ ಆರಕ್ಕೆ, ಹೇಳದೆ ಕೇಳದೆ ಅವರ ಅಂಗಡಿಗೆ ಹೋದೆ. ಜೊತೆತೋಳು ಮೊಳೆಯಲ್ಲಿ ನೇತಾಡುತ್ತಿತ್ತು. ಅವರು ಗಿರಾಕಿಯ ತಲೆಗೆ ಬಗ್ಗಿದ್ದರು. ಕತ್ತರಿ ಎಡಗೈಯಲ್ಲಿತ್ತು. ಬಲ ಅಂಗೈಗೆ ಹಳೇ ಪಂಚೆಯ ಚೂರಿನಿಂದ ಬಾಚಣಿಗೆಯನ್ನು ಬಿಗಿದು ಕಟ್ಟಿದ್ದರು. ಆ ಬೆರಳುಗಳು ಮಡಿಸಿದಂತೆಯೇ ಇದ್ದವು, ಒಂದೂ ಬಿಚ್ಚುತ್ತಿರಲಿಲ್ಲ. ಹಿಂದಿನ ವಾರವಷ್ಟೇ ಅದೇ ಬೆರಳುಗಳು ನನ್ನೆದುರು ಗುಂಡಿ ಹಾಕಿದ್ದವು. ನನ್ನನ್ನು ಕಂಡೊಡನೆ ಅವರು ಕೈಯನ್ನು ಟವೆಲ್ಲಿನ ಕೆಳಗೆ ಮುಚ್ಚಿಕೊಂಡು, ಇವತ್ತು ಯಾಕೋ ದಣಿದಿದೆ ಎಂದರು. ಸಹಿಯನ್ನೂ ಎಡಗೈಯಲ್ಲೇ ಮಾಡಿದರು.

ವಿಭಾಗಕ್ಕೆ ಬಂದು ಜೊತೆತೋಳಿನ ಕೈಪಿಡಿ ತೆಗೆದೆ. ಮೂರು ವರ್ಷದಲ್ಲಿ ಅದನ್ನು ಪೂರ್ತಿ ಓದಿರಲಿಲ್ಲ. ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿತ್ತು: ನೆರವು ನಿಲ್ಲಿಸಿದ ಮೇಲೂ ಕೈ ಜೋತುಬೀಳದಂತೆ, ಬೆರಳು ಮಡಿಸಿಕೊಳ್ಳದಂತೆ ತೋಳು ಸ್ವಲ್ಪ ಒತ್ತಾಸೆ ಕೊಡುತ್ತಲೇ ಇರುತ್ತದೆ. ಆ ಸ್ವಲ್ಪವೇ ನನ್ನ ಒಂಬತ್ತು ಜನರ ಸುಧಾರಣೆ. ನನ್ನ ಬರಿಗೈ ಒಂದು ದಿನವೂ ಬರಿಗೈ ಆಗಿರಲಿಲ್ಲ.

ಮೂರು ದಿನ ಯಾರಿಗೂ ಹೇಳಲಿಲ್ಲ. ಯಾರಿಗೂ ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನಾಲ್ಕನೆಯ ದಿನ ಮುಲ್ಲಾ ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪದವಿ ಹೋಯಿತು ಎಂದುಕೊಂಡೆ.

"ಬರೆದದ್ದು ಹೋಗ್ಲಿ ಬಿಡು," ಎಂದರು. "ಆ ಮನಷ್ಯಾಗ ಹೇಳಿ ಬಂದಿಯೇನು?"

ಹೇಳಿರಲಿಲ್ಲ. ಪದವಿ ಹೋಗುವ ಭಯದಲ್ಲಿ, ಒಬ್ಬ ಮನುಷ್ಯನಿಗೆ ನಿನ್ನ ಕೈ ಬಂತು ಎಂದು ನಾನು ಸುಳ್ಳು ಹೇಳಿದಂತಾಗಿದೆ ಎಂಬುದು ಹೊಳೆದೇ ಇರಲಿಲ್ಲ.

ಅದೇ ಸಂಜೆ ಚನ್ನಮಲ್ಲಪ್ಪನವರ ಅಂಗಡಿಗೆ ಹೋದೆ. ಗಿರಾಕಿಗಳು ಇರಲಿಲ್ಲ. ಕಾಕಾ ಕನ್ನಡಿ ಒರೆಸುತ್ತಿದ್ದರು. ನಿಂತುಕೊಂಡೇ ಹೇಳಿದೆ: "ಕಾಕಾ, ನಿಮ್ಮ ಕೈ ಸುಧಾರಿಸೇತಿ ಅಂತ ನಾ ಹೇಳಿದ್ದು ತಪ್ಪು. ಗುಂಡಿ ಹಾಕಿದ್ದು ನಿಮ್ಮ ಕೈ ಅಲ್ಲ, ಆ ತೋಳು."

ಅವರು ಬಟ್ಟೆ ಮಡಚಿಟ್ಟು ನನ್ನನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿದರು.

"ನನಗ ಗೊತ್ತಿತ್ತವಾ. ಮನ್ಯಾಗ ತಗದಿಟ್ರ ಕೈ ಏಳ್ತಿದ್ದಿಲ್ಲ. ಹೇಳಿದ್ರ ನಿನ್ನ ಓದು ಕೆಡ್ತೈತಿ ಅಂತ ಸುಮ್ಮನಿದ್ದೆ. ಬಿಸಿಲಾಗ ಎಷ್ಟು ತಿರಗೀದಿ ನೀ."

ಆ ಕುರ್ಚಿಯಲ್ಲಿ ಕೂತು ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅವರ ಕೈಗಾಗಿ ನಾನು ಓಡಾಡುತ್ತಿದ್ದೆ. ನನ್ನ ಪದವಿಗಾಗಿ ಅವರು ಕೈ ಬಚ್ಚಿಟ್ಟಿದ್ದರು. ಆಮೇಲೆ ಉಳಿದವರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಹನ್ನೊಂದರಲ್ಲಿ ಆರು ಜನರಿಗೆ ಗೊತ್ತಿತ್ತು. ಆರೂ ಜನ ನನ್ನ ಮೇಲಿನ ಪ್ರೀತಿಗೆ ಬಾಯಿ ಮುಚ್ಚಿಕೊಂಡಿದ್ದರು. ಚೆನ್ನಾಗಿ ಮಾತಾಡಿಸುವ ಹುಡುಗಿ, ಅವಳ ಮನಸ್ಸು ಯಾಕೆ ನೋಯಿಸಬೇಕು ಎಂದುಕೊಂಡಿದ್ದರಂತೆ.

ಮುಲ್ಲಾ ಮೇಡಂ ಸಮಿತಿಯ ಮುಂದೆ ನನ್ನ ತಪ್ಪನ್ನು ನನ್ನ ಬಾಯಿಂದಲೇ ಹೇಳಿಸಿ, ಇನ್ನೂ ಎರಡೂವರೆ ವರ್ಷದ ಅವಧಿ ಕೇಳಿ ಪಡೆದರು. ಅದೇ ಹನ್ನೊಂದು ಜನರೊಂದಿಗೆ ಮತ್ತೆ ಶುರು ಮಾಡಿದೆ. ಈ ಸಲ ವಿಭಾಗಕ್ಕೆ ಯಾರನ್ನೂ ಕರೆಸಲಿಲ್ಲ. ಬೆಳಗಿನ ಹೊತ್ತು, ಜನ ಮುಖ ತೊಳೆದು, ಬಟ್ಟೆ ಉಟ್ಟು, ಒಲೆ ಹಚ್ಚುವ ವೇಳೆಗೆ ಅವರ ಮನೆಯಲ್ಲೇ ಒಂದು ಮೂಲೆಯಲ್ಲಿ ಕೂತಿರುತ್ತಿದ್ದೆ. ತೋಳು ಪೂರ್ತಿ ಕಳಚಿಟ್ಟು ಅಳೆದಾಗ ನಿಜವಾಗಿ ಕೈ ಸುಧಾರಿಸಿದ್ದು ನಾಲ್ಕು ಜನರಿಗೆ ಮಾತ್ರ. ಆದರೆ ಎಂಟು ಜನ, ಕೈ ಬಿಟ್ಟುಬಿಟ್ಟಿದ್ದ ಕೆಲಸಗಳನ್ನು ತಮ್ಮದೇ ಉಪಾಯದಿಂದ ಮತ್ತೆ ಮಾಡುತ್ತಿದ್ದರು. ಮಾಲನ್‌ಬಿ ಎಂಬ ನಿವೃತ್ತ ಶಿಕ್ಷಕಿ ಹಿಟ್ಟಿನ ಪರಾತವನ್ನು ಒದ್ದೆ ಬಟ್ಟೆಯ ಮೇಲಿಟ್ಟು ಜಾರದಂತೆ ಮಾಡಿಕೊಂಡು ಒಂದೇ ಕೈಯಲ್ಲಿ ನಾದುತ್ತಿದ್ದರು. ಅದು ನನ್ನ ಹನ್ನೆರಡು ಕೆಲಸಗಳ ಪಟ್ಟಿಯಲ್ಲಿ ಇರಲೇ ಇಲ್ಲ. ಮೂವರಿಗೆ ಯಾವ ದಾರಿಯೂ ಸಿಗಲಿಲ್ಲ. ಅದನ್ನೂ ಹಾಗೆಯೇ ಬರೆದೆ. ಅವರಲ್ಲಿ ಒಬ್ಬರು ಬೇರೆಯವರ ಎದುರು ಉಣ್ಣುವುದನ್ನೇ ಬಿಟ್ಟಿದ್ದಾರೆ. ಅವರ ಮನೆಗೆ ಈಗಲೂ ಹೋಗುತ್ತೇನೆ.

ಮೌಖಿಕ ಪರೀಕ್ಷೆಯ ಹಿಂದಿನ ದಿನ ಚನ್ನಮಲ್ಲಪ್ಪ ಕಾಕಾ ನನ್ನ ಕೂದಲು ಕತ್ತರಿಸಿದರು. ಎಡಗಡೆ ಒಂದು ಬೆರಳಷ್ಟು ಗಿಡ್ಡವಾಯಿತು. ಸರಿ ಮಾಡಲು ಹೋಗಿ ಬಲಗಡೆ ಇನ್ನೂ ಗಿಡ್ಡವಾಯಿತು. ಹಾಗೆಯೇ ಹೋದೆ.

ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಗಟ್ಟಿ ಪ್ರಶ್ನೆ ಕೇಳಿದರು. ಮೂರು ವರ್ಷ ನಿಮ್ಮಿಂದ ನಿಜ ಮುಚ್ಚಿಟ್ಟವರು ಆಮೇಲೆ ನಿಜ ಹೇಳಿದರೆಂದು ಹೇಗೆ ನಂಬುತ್ತೀರಿ? ಈಗ ಅವರು ನನ್ನನ್ನು ಬಯ್ಯುತ್ತಾರೆ ಸರ್, ಎಂದೆ. ನೀನು ಬೇಗ ಬಂದೆ, ಅಡ್ಡ ಕೂತೆ, ಹೇಳಿಕೊಟ್ಟದ್ದು ಕೆಲಸಕ್ಕೆ ಬರಲಿಲ್ಲ ಎನ್ನುತ್ತಾರೆ. ಮೊದಲ ಮೂರು ವರ್ಷ ಒಬ್ಬರೂ ಒಂದು ಮಾತು ಅಂದಿರಲಿಲ್ಲ. ಪರೀಕ್ಷಕರು ಅದನ್ನು ಬರೆದುಕೊಂಡರು. ಅರ್ಧ ಗಂಟೆಯ ನಂತರ ಮುಲ್ಲಾ ಮೇಡಂ ಹೊರಗೆ ಬಂದು ನನ್ನನ್ನು ಡಾಕ್ಟರ್ ಎಂದು ಕರೆದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಂತೋಷ ಎನ್ನಲಾರೆ. ದೂರದಿಂದ ಹೊತ್ತು ತಂದ ಕೊಡ ಕೊನೆಗೂ ನೆಲಕ್ಕಿಳಿಸಿದಂತೆ, ಕತ್ತಿನ ನರಗಳೆಲ್ಲ ಹಗುರಾದವು.

ನಿನ್ನಲ್ಲಿ ಒಂದೇ ಕೋರಿಕೆ. ನಿನ್ನ ಕಾಲದ ಯಂತ್ರ ನನ್ನದಕ್ಕಿಂತ ಜಾಣ ಇರುತ್ತದೆ, ನಿನ್ನ ಜನರೂ ನಿನ್ನನ್ನು ಪ್ರೀತಿಸುತ್ತಾರೆ. ಅವರು ಚೆನ್ನಾಗಿದ್ದೇನೆ ಎಂದಾಗ ಖುಷಿಪಡು, ಆದರೆ ನಂಬುವ ಮೊದಲು ಒಂದು ಬೆಳಿಗ್ಗೆ ಹೇಳದೆ ಹೋಗಿ ಅವರ ಮನೆಯಲ್ಲಿ ಕೂರು. ತಪ್ಪು ಕಂಡರೆ ನನ್ನ ಹಾಗೆ ಮೂರು ದಿನ ಕಾಯಬೇಡ. ಮೊದಲು ಯಾರ ಕೈಯೋ ಅವರಿಗೆ ಹೇಳು, ಆಮೇಲೆ ನಿನ್ನ ಮಾರ್ಗದರ್ಶಕರಿಗೆ.

ಬಿಸಿಲು ಏರುತ್ತಿದೆ, ವಿಭಾಗದ ಬಾಗಿಲು ಹಾಕುವ ಹೊತ್ತು. ಆರು ವರ್ಷದಲ್ಲಿ ಮೊದಲ ಬಾರಿಗೆ ನಾಳೆ ಬೆಳಿಗ್ಗೆ ನಾನು ಯಾರನ್ನೂ ಅಳೆಯಬೇಕಾಗಿಲ್ಲ.

ನಿನ್ನ ಅಕ್ಕ,
ನೀಲಗಂಗಾ