ಅತ್ತೆಯ ಬಾಣಲೆಯಲ್ಲಿ ಕೆಂಪಾಗದ ಚಿಪ್ಸ್

ಅಕ್ಟೋಬರ್ ೩, ಶನಿವಾರ. ಬ್ಲ್ಯಾಕ್‌ಫೂಟ್, ಐಡಾಹೋ

ನಗು ತಡೆದು ತಡೆದು ಪಕ್ಕೆ ನೋಯುತ್ತಿದೆ. ಕುಲಾಂತರಿ ಆಲೂಗಡ್ಡೆಯನ್ನು ಅತ್ತೆ ಅರ್ವಿಲ್ಲಾ ಕರೆಯುವುದೇ "ಲ್ಯಾಬಿನ ಪಿಂಡ" ಎಂದು. ನನ್ನ ಗಂಡ ವರ್ಲ್ ಈ ವರ್ಷ ಅದನ್ನೇ ಬೆಳೆದ. ಅಂದಿನಿಂದ ತಾಯಿ ಮಗನ ಮಾತು ಅಷ್ಟಕ್ಕಷ್ಟೇ.

ಶಾಲೆಗಳಿಗೆ ಕೊಟ್ಟಿದ್ದ ಆಲೂಗಡ್ಡೆ ಕೀಳುವ ರಜೆ ಇವತ್ತಿಗೆ ಮುಗಿಯಿತು. ಚರ್ಚಿನ ಅಂಗಳದಲ್ಲಿ ಊರಿಗೆಲ್ಲ ಚಿಪ್ಸ್ ಕರಿಯುವ ಕೆಲಸ ಎಂದಿನಂತೆ ಅತ್ತೆಯದೇ. ನಾನು ಅವಸರದಲ್ಲಿ ವರ್ಲ್‌ನ ಹೊಸ ತಳಿಯ ಚೀಲವನ್ನೇ ಹೊತ್ತು ತಂದಿದ್ದೆ. ಬಾಣಲೆಗೆ ಬಿದ್ದ ಮೇಲಷ್ಟೇ ನನಗದು ತಿಳಿಯಿತು. ನಲವತ್ತು ವರ್ಷದಿಂದ ಅತ್ತೆ ಬಣ್ಣ ನೋಡಿಯೇ ಎತ್ತುವವರು. ಇದೋ ಸುಲಭಕ್ಕೆ ಕೆಂಪಾಗುವ ಜಾತಿಯಲ್ಲ.

"ಎಣ್ಣೆ ಕಾದಿಲ್ಲ ಕಣೇ, ಉರಿ ಜಾಸ್ತಿ ಮಾಡು," ಎಂದರು. ಮಾಡಿದೆ. ಆದರೂ ಬೆಳ್ಳಗೇ ಇತ್ತು. ಬೇಸತ್ತು ಒಂದನ್ನು ಬಾಯಿಗೆ ಹಾಕಿಕೊಂಡರು. ಕುರುಂ ಎಂದಿತು. ಚೀಲದ ಕಡೆ ಒಮ್ಮೆ ಓರೆಗಣ್ಣಲ್ಲಿ ನೋಡಿ ಎಲ್ಲವನ್ನೂ ಎತ್ತಿದರು.

ಮಧ್ಯಾಹ್ನದೊಳಗೆ ಚೀಲ ಖಾಲಿ. "ಈ ಸಲದ್ದು ಏನ್ ರುಚಿ ಅರ್ವಿಲ್ಲಮ್ಮಾ, ಏನ್ ಹಾಕಿದ್ರಿ?" ಎಂದು ಬಿಷಪ್ಪರೇ ಕೇಳಿದರು.

"ಏನಿಲ್ಲಪ್ಪ, ಕೈಗುಣ," ಎಂದರು ಅತ್ತೆ.

ಬಾಣಲೆ ತೊಳೆಯುವಾಗ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ವರ್ಲ್‌ಗೆ ಹೇಳ್ಬೇಡ. ಆ ಕೈಗುಣ ಉಗ್ರಾಣದಲ್ಲಿ ಇನ್ನೆಷ್ಟು ಚೀಲ ಇದೆ?"