ಬಕೆಟ್ ನೀರಿಗೆ ಬಂದ ಪ್ರಶಸ್ತಿ

ಕಾರ್ಖಾನೆಗಳ ನೀರನ್ನು ಕುರ್ಚಿಯಿಂದ ಏಳದೆ ಪರೀಕ್ಷಿಸುವ ಮಾನ್ಯ ಅಧಿಕಾರಿಗಳೇ,

ಬಳ್ಳಾರಿಯ ನಮ್ಮ ಜೀನ್ಸ್ ವಾಷಿಂಗ್ ಘಟಕಕ್ಕೆ ನೀವು ಕೊಟ್ಟ ‘ಹಸಿರು ಸ್ಮಾರ್ಟ್ ಘಟಕ’ ಪ್ರಶಸ್ತಿಯನ್ನು ವಾಪಸ್ ತೆಗೆದುಕೊಳ್ಳಿ. ಎಂಟು ತಿಂಗಳಿಂದ ನೀವು ಅಳೆಯುತ್ತಿರುವುದು ನಮ್ಮ ಚರಂಡಿಯ ನೀರನ್ನಲ್ಲ, ಒಂದು ಬಕೆಟ್ ಕುಡಿಯುವ ನೀರನ್ನು. ದಿನಾ ಬೆಳಿಗ್ಗೆ ಆ ನೀರು ಬದಲಿಸುವವನು ನಾನೇ, ಘಟಕದ ಮೇಲ್ವಿಚಾರಕ.

ಹೊಸ ಯಂತ್ರಗಳನ್ನು ನಾನು ದೂರುವುದಿಲ್ಲ. ಬಟ್ಟೆಯ ತೂಕ ನೋಡಿ ಎಷ್ಟು ನೀರು, ಎಷ್ಟು ಕೆಮಿಕಲ್ ಬೇಕೆಂದು ಅವೇ ನಿರ್ಧರಿಸುತ್ತವೆ. ನೀರಿನ ಬಳಕೆ ಅರ್ಧಕ್ಕಿಳಿದಿದೆ. ಚರಂಡಿಗೆ ಇಳಿಬಿಟ್ಟ ಸೆನ್ಸರ್ ಕೂಡ ನಿಯತ್ತಿನಿಂದಲೇ ಕೆಲಸ ಮಾಡುತ್ತಿತ್ತು. ನೀರು ಕೆಟ್ಟರೆ ಗೇಟಿನ ಬೋರ್ಡಿನಲ್ಲಿ ಕೆಂಪು ದೀಪ, ನಿಮ್ಮ ಪರದೆಯಲ್ಲೂ ಕೆಂಪು. ನಾವು ಕೆಲಸ ನಿಲ್ಲಿಸಿ ನೀರು ಶುದ್ಧ ಮಾಡಬೇಕು. ಅಷ್ಟರಲ್ಲಿ ಆಯುಧಪೂಜೆ ಬಂತು. ಎಲ್ಲ ಯಂತ್ರಗಳಿಗೂ ವಿಭೂತಿ ಬಳಿದು, ಸೆನ್ಸರ್ ಒಂದನ್ನೇ ಹೊಲಸಿನಲ್ಲಿ ಬಿಡಲು ಮನಸ್ಸಾಗಲಿಲ್ಲ. ಎತ್ತಿ, ತೊಳೆದು, ಹೂ ಏರಿಸಿ, ಹೊಸ ಬಕೆಟ್ಟಿನ ನೀರಿನಲ್ಲಿಟ್ಟೆವು. ಕೆಲಸ ಶುರುವಾದಾಗ ವಾಪಸ್ ಇಡುವುದು ಮರೆತೇಹೋಯಿತು. ಮರುದಿನ ನಿಮ್ಮ ಕಚೇರಿಯಿಂದ ಮೆಚ್ಚುಗೆಯ ಸಂದೇಶ ಬಂತು. ಆಪರೇಟರ್ ಗಾದೆಪ್ಪ ನಕ್ಕ: “ಇರ್ಲಿ ಬಿಡ್ರಿ ಸರ, ಅದೂ ನಾಕು ದಿನ ಹಬ್ಬ ಮಾಡ್ಲಿ.” ನಾನೂ ನಕ್ಕೆ. ಮಾಲೀಕರು ಹಾಗೇ ಇರಲಿ ಎಂದರು, ನಾನು ಹೂಂ ಎಂದು ತಲೆಯಾಡಿಸಿದೆ.

ಕದ್ದವನಿಗೆ ಪ್ರಶ್ನೆ ಕೇಳುವ ಬಾಯಿ ಇರಬಾರದು. ಆದರೂ ಕೇಳುತ್ತೇನೆ. ಸಾವಿರಾರು ಜೀನ್ಸ್ ತೊಳೆದ ನೀರು ನಲ್ಲಿ ನೀರಿನಷ್ಟು ತಿಳಿಯಾಗಿ ಹೊರಬರುತ್ತದೆಂದು ಹೇಗೆ ನಂಬಿದಿರಿ? ಎಂಟು ತಿಂಗಳು ಅದೇ ಅಂಕಿ ಕಂಡಾಗ ಒಮ್ಮೆ ಬಂದು ನೋಡೋಣ ಅನ್ನಿಸಲಿಲ್ಲವೇ? ಸುಳ್ಳೇಕೆ ಹೇಳಲಿ, ಬಂದಿರಿ, ಪ್ರಶಸ್ತಿ ಕೊಡಲು. ವೇದಿಕೆಯಿಂದ ಚರಂಡಿಗೆ ಇಪ್ಪತ್ತು ಹೆಜ್ಜೆ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಮ್ಮ ಶುದ್ಧ ನೀರನ್ನು ಹೊಗಳಿದಿರಿ. ಶಾಲು ಹೊದಿಸಿಕೊಳ್ಳುವಾಗ ನಾನು ನೆಲ ನೋಡುತ್ತಿದ್ದೆ; ನೀವು ಅದನ್ನು ವಿನಯ ಎಂದುಕೊಂಡಿರಿ.

ಚರಂಡಿ ಹರಿಯುವ ಕಡೆ ಜಡೆಮ್ಮ ಎಂಬ ಹೆಂಗಸಿನ ತುಂಡು ಹೊಲವಿದೆ. ಪುಂಡಿ ಪಲ್ಲೆ ಎಂಬ ಸೊಪ್ಪು ಬೆಳೆದು ಕೌಲ್ ಬಜಾರಿನಲ್ಲಿ ಮಾರುತ್ತಾಳೆ. ಆ ನೀರನ್ನು ಅವಳು ಎಂದೂ ಮುಟ್ಟಿರಲಿಲ್ಲ. ಎರಡು ತಿಂಗಳ ಹಿಂದೆ ಗೇಟಿಗೆ ಬಂದು ಕೇಳಿದಳು.

“ಅಣ್ಣಾರ, ನೀರು ನೋಡಿದ್ರ ನೀಲಿ ಐತಿ, ಬೋರ್ಡಿನ್ಯಾಗ ದೀಪ ಹಸರು ಐತಿ. ಯಾವ್ದು ನಂಬ್ಲಿ?”

ಪಕ್ಕದಲ್ಲಿ ಮಾಲೀಕರು ನಿಂತಿದ್ದರು. “ದೀಪ ನಂಬವ್ವಾ” ಎಂದೆ.

ಕಳೆದ ವಾರ ಒಂದು ಕಟ್ಟು ಪುಂಡಿ ತಂದು ಕೈಗಿಟ್ಟಳು. “ನಿಮ್ಮ ಮಾತು ಕೇಳಿ ನೀರು ಹಾಯ್ಸಿದ್ದು. ಮನಿಗೆ ಒಯ್ರಿ, ಮಕ್ಕಳು ತಿನ್ಲಿ” ಎಂದಳು. ನನ್ನ ಮಕ್ಕಳು ತಿನ್ನಬಾರದೆಂದು ಅದನ್ನು ದಾರಿಯಲ್ಲೇ ತಿಪ್ಪೆಗೆ ಎಸೆದೆ. ಉಳಿದ ಪುಂಡಿ ಬಜಾರಿಗೆ ಹೋಯಿತು, ಯಾರ ಮಕ್ಕಳ ತಟ್ಟೆಗೆ ಬಿತ್ತೋ ತಿಳಿಯದು. ಅಂದಿನಿಂದ ನನಗೆ ನನ್ನ ಮೇಲೇ ಹೇಸಿಕೆಯಾಗಿದೆ.

ಫೋನ್ ಮಾಡದೆ ಬನ್ನಿ. ಸೆನ್ಸರನ್ನು ಚರಂಡಿಗಿಳಿಸಿ, ನಮ್ಮ ಕೈ ತಾಗದಂತೆ ಬೀಗ ಹಾಕಿ ಬೀಗದ ಕೈ ನೀವೇ ಇಟ್ಟುಕೊಳ್ಳಿ. ಆ ಹೊಲದ ಮಣ್ಣನ್ನೂ ಪಲ್ಲೆಯನ್ನೂ ಪರೀಕ್ಷಿಸಿ. ಶಿಕ್ಷೆಯ ಪಟ್ಟಿಯಲ್ಲಿ ನನ್ನ ಹೆಸರು ಮೊದಲಿರಲಿ, ನಿಮ್ಮದನ್ನೂ ಮರೆಯಬೇಡಿ. ಇದನ್ನು ಪತ್ರಿಕೆಗೆ ಕಳಿಸಿದ್ದು ನನ್ನ ಧೈರ್ಯವೆಂದು ತಿಳಿಯಬೇಡಿ. ಜಡೆಮ್ಮನಿಗೆ ಓದಲು ಬರುವುದಿಲ್ಲ.

ಇಂತಿ,
ಅವಳ ಹೊಲದ ತನಕ ಇನ್ನೂ ನಡೆದು ಹೋಗಲಾರದ,
ಜಂಬುನಾಥ